ಮಡ್‌ಗಾರ್ಡ್ ಬಿಚ್ಚದೆ ನೂರ ಎಂಬತ್ತು ಕಿಲೋಮೀಟರ್

ಬೆಳಿಗ್ಗೆ ಐದೂಮುಕ್ಕಾಲಿಗೆ ವೈಟ್‌ಫೀಲ್ಡಿನ ಕಾಫಿ ಅಂಗಡಿಯ ಮುಂದೆ ನಾನು ಸೈಕಲ್ಲಿನಿಂದ ಇಳಿಯುತ್ತಿದ್ದಂತೆ ಮಬ್ಬಿನಿಂದಲೇ ಯಾರೋ ಕೂಗಿದರು: “ಅಣ್ಣಾ, ಬಂದ್ರಾ? ಟೆಂಪೋ ಎಲ್ಲಿ ನಿಲ್ಸಿದ್ದೀರ?” ನಾನು ರೇನ್‌ಕೋಟಿನ ಎದೆಯ ಗುಂಡಿ ಬಿಚ್ಚಿ, ಒಳಗೆ ಪಿನ್ನು ಚುಚ್ಚಿಕೊಂಡಿದ್ದ ಇಪ್ಪತ್ತಮೂರನೇ ನಂಬರಿನ ಚೀಟಿ ತೋರಿಸಿದೆ. ಆರು ನೂರು ರೂಪಾಯಿ ಕಟ್ಟಿ ಪಡೆದ ನಂಬರು. “ಓ, ನೀವೂ ರೈಡಾ? ಸೂಪರ್ ಅಣ್ಣ” ಎಂದ ದನಿ, ಉಸಿರು ತೆಗೆದುಕೊಳ್ಳದೆ ಇನ್ನೊಂದು ಮಾತು ಸೇರಿಸಿತು: “ಹಂಗಾದ್ರೆ ಪಂಪ್ ತಂದಿದ್ದೀರಲ್ಲ?” ಇನ್ನೂ ಒಂದು ಮಾರು ತುಳಿದಿರಲಿಲ್ಲ. ಸಿಟ್ಟು ಅಲ್ಲಿಂದಲೇ ಶುರುವಾಯಿತು.

ನನ್ನದು ದೊಡ್ಡನೆಕ್ಕುಂದಿಯಲ್ಲಿ ಸೈಕಲ್ ಅಂಗಡಿ. ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಾ ನಿಂತ ಗೇರ್ ಸೈಕಲ್ಲುಗಳನ್ನು ಚೌಕಾಸಿ ಮಾಡಿ ಕೊಂಡು, ರಿಪೇರಿ ಮಾಡಿ ಮಾರುತ್ತೇನೆ. ಓದುಗರಲ್ಲಿ ಯಾರಿಗಾದರೂ ಬೇಕಿದ್ದರೆ ಹೇಳುತ್ತೇನೆ: ಹಳೆ ಸೈಕಲ್ ಕೊಳ್ಳುವಾಗ ಸೈಕಲ್ಲನ್ನು ಹೊಗಳಬೇಡಿ, ತೆಗಳಲೂ ಬೇಡಿ, ಸುಮ್ಮನೆ ಟೈರನ್ನು ಒತ್ತಿ ನೋಡಿ ಒಂದು ನಿಟ್ಟುಸಿರು ಬಿಡಿ. ಅರ್ಧ ಬೆಲೆ ಅಲ್ಲೇ ಇಳಿಯುತ್ತದೆ. ಅದಕ್ಕೂ ಮೊದಲು ಹನ್ನೊಂದು ವರ್ಷ ಪೀಣ್ಯದಲ್ಲಿ ಲೇತ್ ಯಂತ್ರ ತಿರುಗಿಸಿದವನು ನಾನು. ಮಾಕಳಿಯ ನಮ್ಮ ಮನೆಯಿಂದ ಕಾರ್ಖಾನೆಗೆ ಮಳೆಯಿರಲಿ, ಬಿಸಿಲಿರಲಿ, ಸೈಕಲ್ಲೇ. ಆಗ ಅದಕ್ಕೆ ಯಾರೂ ರೈಡ್ ಎನ್ನುತ್ತಿರಲಿಲ್ಲ. ಕೆಲಸಕ್ಕೆ ಹೋಗುವುದು ಎನ್ನುತ್ತಿದ್ದರು.

ನಮ್ಮ ಸೈಕಲ್ ಕ್ಲಬ್ಬಿನಲ್ಲಿ ಹೆಚ್ಚಿನವರು ಐಟಿಪಿಎಲ್ ಟೆಕ್ ಪಾರ್ಕಿನ ಸುತ್ತಲ ಕಂಪನಿಗಳವರು. ಮೂರು ವರ್ಷದ ಹಿಂದೆ ನನ್ನ ಅಂಗಡಿಗೆ ಬಂದು ಬಂದು, ನನ್ನನ್ನೂ ಸೇರಿಸಿಕೊಂಡರು. ಕಾಫಿ ಅಂಗಡಿಯ ಒಳಗೋಡೆಯ ಮೇಲೆ ಅವರದೊಂದು ಕಪ್ಪು ಹಲಗೆ ಇದೆ. ಎಡಗಡೆ ‘ರೈಡರ್’, ಬಲಗಡೆ ‘ಸಪೋರ್ಟ್’. ಡಿಸೆಂಬರಿನ ಈ ಉದ್ದದ ಸವಾರಿಯನ್ನು ಹನ್ನೆರಡು ಗಂಟೆಯೊಳಗೆ ಮುಗಿಸಿದವರ ಹೆಸರು ಎಡಗಡೆ ಏರುತ್ತದೆ, ಇಡೀ ವರ್ಷ ಅಲ್ಲೇ ಇರುತ್ತದೆ. ಮುಂದಿನ ದಾರಿ ಯಾವುದು, ಯಾವ ತಿಂಗಳು ಎಂದು ತೀರ್ಮಾನಿಸುವವರು ಆ ಎಡಗಡೆಯವರು. ಬಲಗಡೆಯವರು ಟೆಂಪೋದಲ್ಲಿ ಬಾಳೆಹಣ್ಣು, ಟ್ಯೂಬು ಇಟ್ಟುಕೊಂಡು ಹಿಂದೆ ಬರುತ್ತಾರೆ. ಎರಡು ವರ್ಷ ನಾನು ಬಲಗಡೆ ಇದ್ದೆ. ಈ ಸಲ ಎಡಗಡೆ ಹೋಗಬೇಕು ಎಂದು ಹೊರಟಿದ್ದೆ. ಹೆಂಡತಿ ಭಾಗ್ಯ ನಕ್ಕಿದ್ದಳು: “ಎಡಗಡೆ ಹೋದ್ರೆ ಏನು, ಬಾಡಿಗೆ ಕಮ್ಮಿ ಆಗುತ್ತಾ?” ಆಗುವುದಿಲ್ಲ. ಆದರೂ.

ರೂಲುಗಳು ನಾಲ್ಕು. ಹನ್ನೆರಡು ಗಂಟೆ ಮೀರಬಾರದು. ನಕ್ಷೆಯಲ್ಲಿ ಹಾಕಿದ ದಾರಿ ಬಿಟ್ಟು ಒಂದು ಗಲ್ಲಿಯೂ ಆಚೀಚೆ ಆಗಬಾರದು. ಎಲೆಕ್ಟ್ರಾನಿಕ್ ಸಿಟಿ, ತಾವರೆಕೆರೆ, ಮಾಕಳಿ, ಈ ಮೂರು ಕಡೆ ಕಾರ್ಡಿಗೆ ಮುದ್ರೆ ಹಾಕಿಸಬೇಕು. ನಾಲ್ಕನೆಯದನ್ನು ಓದುಗರು ನೆನಪಿಟ್ಟುಕೊಳ್ಳಬೇಕು: ಮುದ್ರೆಯ ಜಾಗ ಬಿಟ್ಟು ನಡುದಾರಿಯಲ್ಲಿ ಸೈಕಲ್ ಕೆಟ್ಟರೆ ತಾನೇ ರಿಪೇರಿ ಮಾಡಿಕೊಳ್ಳಬೇಕು, ಇಲ್ಲವೇ ಇನ್ನೊಬ್ಬ ರೈಡರ್ ಮುಟ್ಟಬಹುದು. ಸಪೋರ್ಟಿನವರಾಗಲಿ ಅಂಗಡಿಯವನಾಗಲಿ ಮುಟ್ಟಿದರೆ ಔಟ್.

ನಾಲ್ಕು ದಿನದಿಂದ ಸಮುದ್ರದ ಕಡೆಯ ವಾಯುಭಾರ ಕುಸಿತ ಬೆಂಗಳೂರಿನ ಮೇಲೆ ಒದ್ದೆ ಗೋಣಿಚೀಲದ ಹಾಗೆ ಕೂತಿತ್ತು. ಧೋ ಎಂದು ಸುರಿಯುವ ಮಳೆಯಲ್ಲ, ಬಿಡದೆ ಜಿನುಗುವ ಚಳಿಮಳೆ. ಇಂಥ ದಿನ ನಮ್ಮ ಕ್ಲಬ್ಬಿನವರು ಏನು ಮಾಡಿದ್ದರು ಗೊತ್ತೇ? ಎಲ್ಲರೂ ಮಡ್‌ಗಾರ್ಡ್ ಬಿಚ್ಚಿ ಬಂದಿದ್ದರು! ಅರ್ಧ ಕೇಜಿ ತೂಕ ಉಳಿಯುತ್ತದಂತೆ. ಆ ಅರ್ಧ ಕೇಜಿಯ ಜಾಗಕ್ಕೆ ಎರಡು ಕೇಜಿ ಕೆಸರು ಬಂದು ಕೂರುತ್ತದೆ ಎಂದು ಯಾವ ಲ್ಯಾಪ್‌ಟಾಪೂ ಹೇಳಲಿಲ್ಲ. ನನ್ನ ಕಬ್ಬಿಣದ ಮಡ್‌ಗಾರ್ಡ್ ನೋಡಿ ನಮ್ಮ ಕ್ಯಾಪ್ಟನ್ ಅನಿರುದ್ಧ, ಮಹದೇವಪುರದ ಒಂದು ಕಂಪನಿಯ ಮ್ಯಾನೇಜರ್, ಬೆನ್ನು ತಟ್ಟಿದರು. “ಅಣ್ಣ, ಹಾಲಿನ ಕ್ಯಾನ್ ಒಂದು ಮರೆತುಬಿಟ್ರಾ?” ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ಯೋಚಿಸಿದರೆ ನಗಬಾರದಿತ್ತು.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹದಿನೈದು ದಿನದ ಹಿಂದಿನ ಮೀಟಿಂಗಿನಲ್ಲಿ ನಕ್ಷೆ ತೋರಿಸಿದಾಗ ನಾನು ಎದ್ದು ಹೇಳಿದ್ದೆ. “ಸಾರ್, ಪೀಣ್ಯದಲ್ಲಿ ಗುಜರಿ ಅಂಗಡಿಗಳ ಆ ರೋಡು ಬೇಡ. ಮಳೆ ಬಂದ್ರೆ ಲೇತಿನ ಕಬ್ಬಿಣದ ಸುರುಳಿ ಚೂರೆಲ್ಲ ನೀರಲ್ಲಿ ಹರಿದು ರೋಡಿಗೆ ಬರುತ್ತೆ. ಪಕ್ಕದ ರೋಡಿಗೆ ಹಾಕಿ, ಮುನ್ನೂರು ಮೀಟರ್ ಜಾಸ್ತಿ ಅಷ್ಟೆ.” ಕ್ಯಾಪ್ಟನ್ ಪರದೆ ನೋಡುತ್ತಲೇ ಉತ್ತರ ಕೊಟ್ಟರು: “ಅಣ್ಣ, ರೂಟ್ ಆಗ್ಲೇ ಅಪ್‌ಲೋಡ್ ಆಗಿದೆ.” ಆಣೆಕಟ್ಟು ಕಟ್ಟಿ ಮುಗಿದಿದೆ ಎಂಬ ಧಾಟಿ. ಸವಾರಿಯ ಹಿಂದಿನ ಸಂಜೆ ನಾನು ಹಳೆ ಟೈರಿನ ಅಂಚು ಕತ್ತರಿಸಿ, ಉಳಿದ ಪಟ್ಟಿಯನ್ನು ನನ್ನ ಟೈರಿನೊಳಗೆ ಸುತ್ತಲೂ ಹಾಸಿದೆ. ಓದುಗರೇ, ನಿಮ್ಮ ಮಾತು ಕೇಳದವರ ಜೊತೆ ಹೊರಟಾಗ ನಿಮ್ಮ ಮಾತನ್ನು ನೀವಾದರೂ ಕೇಳಿ.

ಆರಕ್ಕೆ ಸರಿಯಾಗಿ ಮೂವತ್ತೊಂದು ಜನ ಹೊರಟೆವು. ವರ್ತೂರು ಕೆರೆಯ ಕೋಡಿಯ ಹತ್ತಿರ ನೊರೆ ಎದ್ದು, ಗಾಳಿಗೆ ತುಂಡು ತುಂಡಾಗಿ ರಸ್ತೆಗೆ ಬಂದು ಬೀಳುತ್ತಿತ್ತು. ಸೋಪಿನ ನೊರೆಯಂತೆ ಕಾಣುತ್ತದೆ, ವಾಸನೆ ಮಾತ್ರ ಮೂಗು ಸುಡುತ್ತದೆ. ಕೆಲವರು ನಿಂತು ಫೋಟೋ ತೆಗೆದರು. ಅಲ್ಲಿಂದ ಸರ್ಜಾಪುರದವರೆಗೆ ರಸ್ತೆ ಅಗೆದು ಬಿಟ್ಟಿದ್ದಾರೆ. ಒಂದು ಗುಂಡಿಯ ನೀರು ಇನ್ನೊಂದು ಗುಂಡಿಗೆ ಹರಿಯುತ್ತದೆ. ಮುಂದಿನ ಸೈಕಲ್ಲಿನ ಹಿಂದಿನ ಚಕ್ರ ಎರಚುವ ಕೆಸರು ಹಿಂದಿನವನ ಬಾಯಿಗೆ. ಸರ್ಜಾಪುರ ಒಂದು ಮೈಲಿ ಇರುವಾಗ ಒಬ್ಬ ಹುಡುಗನ ಬ್ರೇಕಿಗೆ ಮಣ್ಣು ಮೆತ್ತಿ ಚಕ್ರವೇ ತಿರುಗುತ್ತಿರಲಿಲ್ಲ. “ಅಣ್ಣ, ಸ್ವಲ್ಪ ನೋಡಿ.” ನೋಡಿದೆ. ಕಡ್ಡಿಯಲ್ಲಿ ಕೆರೆದು, ಬ್ರೇಕಿನ ತಂತಿ ಸಡಿಲಿಸಿ ಕೊಟ್ಟೆ. ಹನ್ನೆರಡು ನಿಮಿಷ. ಅವನು ಥ್ಯಾಂಕ್ಸ್ ಎಂದವನೇ ನನಗಿಂತ ಮುಂದೆ ಹೋದ.

ಈ ‘ಸ್ವಲ್ಪ ನೋಡಿ’ ಎಂಬ ಮಾತಿನ ಬಗ್ಗೆ ನನಗೆ ಹೇಳುವುದಿದೆ. ಡಾಕ್ಟರನ್ನು ಮದುವೆ ಮನೆಯಲ್ಲಿ ಹಿಡಿದು ನಾಲಿಗೆ ತೋರಿಸುವವರು ಇದ್ದಾರಲ್ಲ, ಅದೇ ಜಾತಿಯ ಮಾತು ಇದು. ನೋಡಿ ಎಂದರೆ ಕಣ್ಣಿನ ಕೆಲಸ, ದುಡ್ಡಿಲ್ಲ. ಕೈ ಕಪ್ಪಾಗುವುದು ನೋಡಿದವನದು. ಆದರೆ ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಅತ್ತಿಬೆಲೆಯಲ್ಲಿ ಎಂಟು ರೂಪಾಯಿಯ ಟೀ ಕುಡಿದು, ಹೊಸೂರು ರೋಡಿನ ಲಾರಿಗಳ ಪಕ್ಕದಲ್ಲಿ ಬರುತ್ತಿದ್ದಾಗ ಕ್ಯಾಪ್ಟನ್ನಿನ ಹಿಂದಿನ ಗೇರು ಟಕಟಕ ಎನ್ನುತ್ತಿತ್ತು. ಅವರು ನನ್ನನ್ನು ಏನೂ ಕೇಳಿರಲಿಲ್ಲ. ನನ್ನ ಬಾಯಿಯೇ ತುರಿಸಿತು. “ಸಾರ್, ಗೇರ್ ಹಿಡ್ಕೊಂಡಿರೋ ಆ ಸಣ್ಣ ಕೊಂಡಿ ಬಾಗಿದೆ. ಹಿಂಗೇ ತುಳಿದ್ರೆ ಜಿಗಣಿ ದಾಟಲ್ಲ ನೀವು.” ಅಷ್ಟು ಹೇಳಿದ ಮೇಲೆ ಬಿಡುತ್ತಾರೆಯೇ? ಎಲೆಕ್ಟ್ರಾನಿಕ್ ಸಿಟಿಯ ಮುದ್ರೆಗೆ ಎರಡು ಕಿಲೋಮೀಟರ್ ಇರುವಾಗ, ಮೇಲ್ಸೇತುವೆಯ ಕಂಬದ ಬುಡದಲ್ಲಿ, ಮೇಲಿನಿಂದ ಜೋರಾಗಿ ಸುರಿಯುವ ನೀರಿನ ಪಕ್ಕ ಕೂತು ಆ ಕೊಂಡಿಯನ್ನು ನೆಟ್ಟಗೆ ಮಾಡಿದೆ. ಒಂಬತ್ತು ನಿಮಿಷ.

“ಅಣ್ಣ, ಯು ಆರ್ ಎ ಲೈಫ್‌ಸೇವರ್” ಎಂದರು ಕ್ಯಾಪ್ಟನ್. “ನೀವೂ ರೈಡರ್ ಆಗಿರೋದು ಒಳ್ಳೇದಾಯ್ತು ನೋಡಿ. ಟೆಂಪೋದಲ್ಲಿ ಇದ್ದಿದ್ರೆ ಮುಟ್ಟೋ ಹಂಗಿರ್ಲಿಲ್ಲ.”

ಆ ಮಾತನ್ನು ನಾನು ಕಿವಿಯಲ್ಲಿ ಇಟ್ಟುಕೊಂಡೆ. ವ್ಯಾಪಾರದವರು ಎದುರಿನವರ ಮಾತನ್ನು ಬಿಸಾಡುವುದಿಲ್ಲ.

ಮುದ್ರೆ ಹಾಕಿಸಿದಾಗ ಎಂಟು ಮುಕ್ಕಾಲು, ನಲವತ್ತೆಂಟು ಕಿಲೋಮೀಟರ್. ಒಂದು ದರ್ಶಿನಿಯಲ್ಲಿ ಮೂವತ್ತು ರೂಪಾಯಿಗೆ ಇಡ್ಲಿ ವಡೆ ತಿಂದೆ. ಕೇಳಿ ಪಡೆದ ಎರಡು ಪ್ಲಾಸ್ಟಿಕ್ ಕವರನ್ನು ಕಾಲುಚೀಲದ ಮೇಲೆ ಕಟ್ಟಿ ಬೂಟು ಹಾಕಿಕೊಂಡೆ. ಎದೆಗೆ, ಅಂಗಿಯೊಳಗೆ, ಮಡಿಸಿದ ನ್ಯೂಸ್ ಪೇಪರ್. ಮಳೆಯಲ್ಲಿ ಸೈಕಲ್ ತುಳಿಯುವವರು ಇದನ್ನು ಬರೆದಿಟ್ಟುಕೊಳ್ಳಿ: ನಾಲ್ಕು ಸಾವಿರದ ಜಾಕೀಟು ಬೇಡ, ನಿನ್ನೆಯ ಪೇಪರ್ ಸಾಕು. ಜಿಗಣಿಯಲ್ಲಿ ಕಲ್ಲು ಕೊಯ್ಯುವ ಕಾರ್ಖಾನೆಗಳ ಬಿಳಿ ಹುಡಿ ಮಳೆಗೆ ಕರಗಿ ರಸ್ತೆಯೆಲ್ಲ ಸುಣ್ಣದ ತಿಳಿಯಂತಾಗಿತ್ತು. ಇಬ್ಬರು ಜಾರಿ ಬಿದ್ದರು, ಮಂಡಿ ತರಚಿತು, ಟೆಂಪೋ ಹತ್ತಿದರು. ಬನ್ನೇರುಘಟ್ಟದ ಏರಿನಲ್ಲಿ ಇನ್ನೂ ನಾಲ್ವರು. ಅಲ್ಲಿಂದ ಕಗ್ಗಲೀಪುರದವರೆಗೆ ಮಾತ್ರ ರಸ್ತೆ ಖಾಲಿ, ಎರಡೂ ಕಡೆ ಹಸಿರು, ಒಂದು ಹತ್ತು ಕಿಲೋಮೀಟರ್ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಕಗ್ಗಲೀಪುರದ ಟೀ ಅಂಗಡಿಯ ಮುಂದೆ ಮತ್ತೆ ಒಂದು ಚೈನು ಹರಿದು ನಿಂತಿತ್ತು. “ಅಣ್ಣ, ಸ್ವಲ್ಪ ನೋಡಿ.” ಹದಿನಾಲ್ಕು ನಿಮಿಷ.

ತಾವರೆಕೆರೆಯ ಮುದ್ರೆ ಮಧ್ಯಾಹ್ನ ಒಂದಕ್ಕೆ. ಕೈಬೆರಳು ಮರಗಟ್ಟಿ ಕಾರ್ಡನ್ನು ಹಲ್ಲಿನಲ್ಲಿ ಕಚ್ಚಿ ತೆಗೆದೆ. ಮೆಸ್ಸಿನಲ್ಲಿ ನಲವತ್ತು ರೂಪಾಯಿಗೆ ಮುದ್ದೆ ಊಟ ಎಂದರು; “ಪಲ್ಯ ಬೇಡ, ಮಜ್ಜಿಗೆ ಬೇಡ, ಒಂದು ಮುದ್ದೆ ಬಿಸಿಸಾರು ಎಷ್ಟು?” ಎಂದು ಕೇಳಿ ಇಪ್ಪತ್ತೈದಕ್ಕೆ ಇಳಿಸಿ ಹತ್ತು ನಿಮಿಷದಲ್ಲಿ ಎದ್ದೆ. ಸವಾರಿಯಲ್ಲಿ ಹೊಟ್ಟೆ ತುಂಬ ಉಣ್ಣಬಾರದು, ಆದರೆ ಬಿಸಿ ಇಲ್ಲದೆ ಏಳಬಾರದು. ಮಾಗಡಿ ರೋಡು ದಾಟಿ, ಕೆಸರಿನ ಅಡ್ಡರಸ್ತೆಗಳಲ್ಲಿ ಮಾಕಳಿ ತಲುಪಿದಾಗ ಎರಡು ಮುಕ್ಕಾಲು. ನಮ್ಮೂರು. ಮುದ್ರೆಯ ಟೇಬಲ್ಲು ಹಾಕಿದ್ದ ಅಂಗಡಿಯ ಜಗಲಿಯಲ್ಲಿ ನನ್ನ ಬಾಲ್ಯದ ಗೆಳೆಯ ಚಿಕ್ಕಣ್ಣ ಬೀಡಿ ಸೇದುತ್ತಾ ಕೂತಿದ್ದ.

“ಏನ್ಲಾ ನಂಜ, ಇಂಗ್ಯಾಕ್ ನೆನ್ಕಂಡ್ ಒಂಟಿದ್ದೀಯ? ಅಂಗ್ಡಿ ಮುಚ್ಚೋಯ್ತಾ?”

“ಇಲ್ಲ ಕಣೋ. ಕ್ಲಬ್ಬಿನ ರೈಡು. ನೂರ ಎಂಬತ್ತು ಕಿಲೋಮೀಟರ್.”

“ಏಟ್ ಕೊಟ್ಟಾರು?”

“ಕೊಡಲ್ಲ. ನಾನೇ ಆರ್ನೂರು ಕೊಟ್ಟಿದ್ದೀನಿ.”

ಅವನು ಬೀಡಿಯನ್ನು ಬಾಯಿಂದ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಪೀಣ್ಯಕ್ಕೆ ಓಗೋಕೆ ದುಡ್ ಕೊಡೋನ್ನ ಇವತ್ತೇ ಕಂಡಿದ್ದು ಕಣ್ಲಾ” ಎಂದ. ನಿಂತು ಉತ್ತರ ಕೊಡಲು ಸಮಯವಿರಲಿಲ್ಲ. ಲೆಕ್ಕ ಹಾಕಿದೆ: ಇನ್ನು ನಲವತ್ತೈದು ಕಿಲೋಮೀಟರ್, ಮೂರು ಗಂಟೆ ಹದಿನೈದು ನಿಮಿಷ. ಎಲ್ಲೂ ನಿಲ್ಲದೆ ಹೋದರೆ ಹದಿನೈದು ನಿಮಿಷ ಉಳಿಯುತ್ತದೆ. ಎಲ್ಲೂ ನಿಲ್ಲುವುದಿಲ್ಲ ಎಂದು ಅಲ್ಲೇ, ನನ್ನ ಊರಿನ ಮಣ್ಣಿನ ಮೇಲೆ, ಶಪಥ ಮಾಡಿದೆ.

ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದವು. ಅಗೆದ ಮಣ್ಣಿನ ರಾಶಿಯ ಪಕ್ಕ ಲಾರಿ, ಬಸ್ಸು, ನಾವು. ಪೀಣ್ಯದೊಳಗೆ ತಿರುಗಿ ಗುಜರಿ ಅಂಗಡಿಗಳ ಆ ರಸ್ತೆಗೆ ಬಂದಾಗ ಮೂರೂ ಇಪ್ಪತ್ತು. ಕಂಡದ್ದನ್ನು ಹೇಗೆ ಹೇಳಲಿ! ರಸ್ತೆಯ ಎಡಗಡೆ ಸಾಲಾಗಿ ಒಂಬತ್ತು ಸೈಕಲ್ಲುಗಳು, ಚಕ್ರ ಮೇಲಾಗಿ, ಸತ್ತ ಜಿರಳೆಗಳ ಹಾಗೆ. ಒಂಬತ್ತು ಜನ ಬಣ್ಣಬಣ್ಣದ ಜರ್ಸಿಯಲ್ಲಿ ಕೈಕಟ್ಟಿ ನಿಂತಿದ್ದಾರೆ. ರಸ್ತೆಯ ನೀರಿನಲ್ಲಿ ಕಬ್ಬಿಣದ ಸುರುಳಿಗಳು ಕೆಂಪಗೆ, ಬೆಳ್ಳಗೆ ಹೊಳೆಯುತ್ತಾ ಹರಿಯುತ್ತಿವೆ. ಹನ್ನೊಂದು ವರ್ಷ ನಾನೇ ಕೆತ್ತಿ ಕೆಡವಿದ ಜಾತಿಯ ಚೂರುಗಳು. ಅವುಗಳ ಚೂಪು ನನ್ನ ಅಂಗೈಗೆ ಗೊತ್ತು. ಒಬ್ಬೊಬ್ಬರಿಗೆ ಎರಡು ಮೂರು ಪಂಕ್ಚರು. ತಂದಿದ್ದ ಹೊಸ ಟ್ಯೂಬು ಹಾಕಿ, ಹತ್ತು ಹೆಜ್ಜೆ ತುಳಿದು, ಮತ್ತೆ ಪಂಕ್ಚರಾಗಿ ನಿಂತವರೇ ಹೆಚ್ಚು. ಕ್ಯಾಪ್ಟನ್ ಮಾತ್ರ ದಾಟಿ ಅರ್ಧ ಗಂಟೆಯಾಗಿತ್ತಂತೆ. ಅವರ ಟೈರು ದುಬಾರಿಯದು, ಗೇರು ನಾನು ಸರಿಮಾಡಿದ್ದು.

“ಅಣ್ಣಾ! ಅಬ್ಬಾ, ಬಂದ್ರಲ್ಲ! ಸ್ವಲ್ಪ ನೋಡಿ!”

ಒಂಬತ್ತು ಬಾಯಿ. ಒಬ್ಬನೂ, ‘ಅಣ್ಣ, ನಿಮ್ಮ ಸಮಯ ಎಷ್ಟಿದೆ?’ ಎನ್ನಲಿಲ್ಲ. ಒಬ್ಬನೂ, ‘ಅವತ್ತು ನೀವು ಹೇಳಿದ್ದು ಸರಿ’ ಎನ್ನಲಿಲ್ಲ. ನನ್ನ ಟೈರಿನೊಳಗಿನ ಪಟ್ಟಿ ಗಟ್ಟಿಯಾಗಿತ್ತು. “ಟೈಮ್ ಇಲ್ಲ” ಎಂದು ಕೂಗಿ, ತಲೆ ಬಗ್ಗಿಸಿ ತುಳಿದೆ. ಬೆನ್ನ ಹಿಂದೆ ಯಾರೋ “ವಾಟ್ ಸ್ಪಿರಿಟ್ ಯಾ!” ಎಂದದ್ದು ಕೇಳಿಸಿತು.

ಐವತ್ತು ಮೀಟರ್ ಹೋಗಿರಬಹುದು. ಒಂದು ಶೆಡ್ಡಿನ ಸೂರಿನ ಕೆಳಗೆ ಒಬ್ಬ ಹೆಂಗಸು ಹಳೆ ಲೇಡೀಸ್ ಸೈಕಲ್ ಹಿಡಿದು ನಿಂತಿದ್ದಳು. ಕ್ಯಾರಿಯರಿನ ಮೇಲೆ ಬುಟ್ಟಿ; ಅದರ ಮೇಲೆ ಎರಡು ಪದರ ನೀಲಿ ಪ್ಲಾಸ್ಟಿಕ್, ಹಗ್ಗದ ಬಿಗಿ. ಮುಂದಿನ ಚಕ್ರ ನೆಲಕ್ಕಂಟಿತ್ತು. ನನ್ನ ಹ್ಯಾಂಡಲಿಗೆ ನೇತುಹಾಕಿದ್ದ ಪಂಪು ನೋಡಿ ಕರೆದಳು.

“ಅಣ್ಣಾರ, ಪಂಚರ್ ಹಾಕ್ತೀರೇನ್ರಿ? ಎಷ್ಟ್ ತಗೋತೀರಿ? ಮೊದ್ಲ ಹೇಳ್ರಿ, ಆಮ್ಯಾಲ ಜಗಳ ಬ್ಯಾಡ.”

ಬ್ರೇಕು ತಾನಾಗಿಯೇ ಹಿಡಿಯಿತು. ಬೆಳಿಗ್ಗೆ ಆರರಿಂದ ನನ್ನ ಕೈಗೆ ರೇಟು ಕೇಳಿದ ಮೊದಲನೆಯವಳು ಇವಳು.

“ಇಪ್ಪತ್ತು” ಎಂದೆ.

“ಏನ್ ಇಪ್ಪತ್ರೀ! ನಮ್ಮ ಓಣ್ಯಾಗ ಹತ್ತು ತಗೋತಾನ.”

“ನಿಮ್ಮ ಓಣಿಯವನು ಮಳೇಲಿ ಕೂತು ಹಾಕ್ತಾನಾ?”

“ಮಳಿ ನಿಮ್ಮ ಮ್ಯಾಲಷ್ಟ ಬರಾಕತ್ತದೇನು? ನಾನೂ ತೊಯ್ಸ್ಕೊಂಡು ನಿಂತೀನಿ. ಹತ್ತು ರೂಪಾಯಿ, ಮ್ಯಾಲ ಎರಡ್ ರೊಟ್ಟಿ.”

“ಚಟ್ನಿ?”

“ಶೇಂಗಾ ಹಿಂಡಿ ಅದ. ಹಾಕ್ರಿ ಲಗೂನ. ನಾಲ್ಕಕ್ಕ ಪಾಳಿ ಬಿಡ್ತಾರ.”

ಶರಣಮ್ಮ, ಯಾದಗಿರಿ ಕಡೆಯವಳು. ನಸುಕಿಗೆ ಎದ್ದು ನೂರಿಪ್ಪತ್ತು ಜೋಳದ ರೊಟ್ಟಿ ಬಡಿಯುತ್ತಾಳೆ. ನಾಲ್ಕಕ್ಕೆ ಪಾಳಿ ಬಿಟ್ಟು ಬರುವ ಅವರ ಕಡೆಯ ಹುಡುಗರು ಕಾರ್ಖಾನೆಯ ಗೇಟಿನಲ್ಲೇ ಕೊಂಡು ರೂಮಿಗೆ ಹೋಗುತ್ತಾರೆ. ನಾಲ್ಕು ದಾಟಿದರೆ ಹುಡುಗರು ಚದುರಿಹೋಗುತ್ತಾರೆ, ಮಳೆಯ ತೇವಕ್ಕೆ ರೊಟ್ಟಿ ಮೆತ್ತಗಾಗಿ ನಾಳೆಗೂ ಆಗುವುದಿಲ್ಲ. ನನಗೆ ಹದಿನೈದು ನಿಮಿಷ ಉಳಿದಿತ್ತಲ್ಲ, ಒಂದು ಪಂಕ್ಚರಿಗೆ ಹತ್ತು ಸಾಕು ಎಂದು ಕೂತೆ. ಟೈರು ಬಿಚ್ಚಿದೆ. ಕೊಳಚೆ ನೀರಿನಲ್ಲೇ ಟ್ಯೂಬು ಮುಳುಗಿಸಿದೆ. ಗುಳ್ಳೆ ಎರಡು ಕಡೆ ಎದ್ದಿತು. ಎರಡು ಪಂಕ್ಚರು! ಒಂದಕ್ಕೆ ಹಾಕಿ ಬಿಡಲಾಗುವುದಿಲ್ಲ. ಮಳೆಯಲ್ಲಿ ಟ್ಯೂಬು ಒಣಗಿಸುವುದು ಸುಲಭವಲ್ಲ. ಅಂಗಿಯೊಳಗಿನ ಪೇಪರ್ ತೆಗೆದು ಒರೆಸಿದೆ, ಉಜ್ಜಿದೆ, ಸಲ್ಯೂಷನ್ ಹಚ್ಚಿ ಊದಿದೆ. ಅವಳು ತನ್ನ ಸೆರಗನ್ನು ನನ್ನ ಕೈಗಳ ಮೇಲೆ ಕೊಡೆಯಂತೆ ಹಿಡಿದಳು.

ಅಷ್ಟರಲ್ಲಿ ಕ್ಲಬ್ಬಿನ ಇಬ್ಬರು ಸೈಕಲ್ ತಳ್ಳಿಕೊಂಡು ಅಲ್ಲಿಗೇ ಬಂದರು. “ಅಣ್ಣಾ, ಇದೇನಿದು? ನಾವು ಮೊದ್ಲು ಕರೆದ್ವಿ. ಟೈಮ್ ಇಲ್ಲ ಅಂದ್ರಿ!”

“ಅವರು ರೇಟ್ ಕೇಳಿದ್ರು.”

“ಅಣ್ಣ, ನಾವೆಲ್ಲ ಒಂದೇ ಕ್ಲಬ್ ಅಲ್ವಾ?”

ಶರಣಮ್ಮ ಅವರ ಕಾಲು ನೋಡಿದಳು. “ಇವ್ರು ನಿಮ್ಮೋರೇನ್ರಿ? ಮತ್ತ ಇವರಷ್ಟ ಯಾಕ ಚಡ್ಯಾಗ ಬಂದಾರ? ಥಂಡಿ ಆಗಂಗಿಲ್ಲೇನು ಪಾಪ!”

ನನಗೆ ಇಡೀ ದಿನದಲ್ಲಿ ಮೊದಲ ಸಲ ನಿಜವಾದ ನಗು ಬಂತು. ಅವಳ ಚಕ್ರಕ್ಕೆ ಗಾಳಿ ತುಂಬಿ ಎದ್ದಾಗ ಮೂರೂ ನಲವತ್ತು. ಹದಿನೆಂಟು ನಿಮಿಷ. ಹತ್ತರ ನೋಟು ಕೊಟ್ಟಳು, ಎರಡು ರೊಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹಿಂಡಿಯ ಪೊಟ್ಟಣ ಮೇಲಿಟ್ಟು ಕೊಟ್ಟಳು, ಬುಟ್ಟಿ ಅಲುಗಾಡಿಸಿ ಬಿಗಿ ನೋಡಿ ಹೊರಟೇಬಿಟ್ಟಳು. ಥ್ಯಾಂಕ್ಸ್ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ವ್ಯಾಪಾರ ಸರಿಯಾಗಿ ಮುಗಿದಿತ್ತು. ನಾನು ಉಳಿದ ತೇಪೆ, ಸಲ್ಯೂಷನ್, ಉಜ್ಜುಕಾಗದ ಮೂರನ್ನೂ ಆ ಇಬ್ಬರ ಮುಂದೆ ಕಟ್ಟೆಯ ಮೇಲಿಟ್ಟೆ. “ತಗೊಳ್ಳಿ, ಸಾಮಾನು ನಂದು. ಕೈ ನಿಮ್ದು.” ಇಬ್ಬರೂ ಎಂಜಿನಿಯರುಗಳು. ಆ ತೇಪೆಯನ್ನು ಹಾವಿನ ಮರಿ ನೋಡುವಂತೆ ನೋಡುತ್ತಿದ್ದರು.

ಆಮೇಲಿನ ಮೂವತ್ತೈದು ಕಿಲೋಮೀಟರ್ ಬರೆಯಲು ಏನೂ ಇಲ್ಲ, ಬೈಗುಳದ ಹೊರತು. ಗೊರಗುಂಟೆಪಾಳ್ಯದ ಸಿಗ್ನಲ್ ಮೂರು ಸಲ ಕೆಂಪಾಯಿತು. ಹೆಬ್ಬಾಳದ ಕೆಳಗೆ ಮಂಡಿಯವರೆಗೆ ನೀರು. ರಿಂಗ್ ರೋಡಿನಲ್ಲಿ ಕಂಪನಿ ಬಸ್ಸುಗಳು ಒಂದರ ಹಿಂದೊಂದು ನಿಂತು, ಅವುಗಳ ಪಕ್ಕದ ಅಂಗೈಯಗಲದ ಸಂದಿಯಲ್ಲಿ ನಾನು. ಮಹದೇವಪುರದಲ್ಲಿ ಒಬ್ಬ ಆಟೋದವನು “ಏನ್ ಗುರು, ಆಫೀಸಿಗೆ ಲೇಟಾಯ್ತಾ?” ಎಂದು ಕೇಳಿದ. ಹೌದು ಎಂದೆ. ಕಾಫಿ ಅಂಗಡಿಯ ಗಾಜಿನ ಬಾಗಿಲಿನ ಮುಂದೆ ಕಾಲು ನೆಲಕ್ಕಿಟ್ಟಾಗ, ಗಡಿಯಾರ ಹಿಡಿದು ನಿಂತಿದ್ದ ಪ್ರೀತಿ ಎಂಬ ಹುಡುಗಿ ತುಟಿ ಕಚ್ಚಿಕೊಂಡಳು. “ಅಣ್ಣ... ಹನ್ನೆರಡು ಗಂಟೆ ನಾಲ್ಕು ನಿಮಿಷ.”

ಒಳಗೆ ಹೋದೆ. ಮೈಯಿಂದ ನೀರು ಇಳಿದು ಅವರ ಮರದ ನೆಲ ತೋಯುತ್ತಿತ್ತು. ಕ್ಯಾಪ್ಟನ್ ಕಂಬಳಿ ಹೊದ್ದು ಬಿಸಿ ಚಾಕೊಲೇಟ್ ಕುಡಿಯುತ್ತಿದ್ದರು. ಹನ್ನೊಂದು ಗಂಟೆ ಮೂವತ್ತೊಂದು ನಿಮಿಷದಲ್ಲಿ ಮುಗಿಸಿದ್ದರಂತೆ. ಪೀಣ್ಯದ ಒಂಬತ್ತು ಜನ ಟೆಂಪೋದಲ್ಲಿ ಬರುತ್ತಿದ್ದರು, ಉಳಿದವರು ಇನ್ನೂ ದಾರಿಯಲ್ಲೇ ಇದ್ದರು. ಹಲಗೆಯ ಎಡಗಡೆ ಆರು ಹೆಸರು, ಆರು ಸಮಯ, ಎಲ್ಲ ಇಂಗ್ಲಿಷಿನಲ್ಲಿ. ನಾಲ್ಕು ನಿಮಿಷಕ್ಕೆ ಸೋತದ್ದನ್ನು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ರೂಲು ರೂಲೇ. ಆದರೆ ಕಣ್ಣು ಬಲಗಡೆಗೆ ಹೋಯಿತು. ಸಪೋರ್ಟ್: ಟೆಂಪೋ ಡ್ರೈವರಿನ ಹೆಸರು. ಅದರ ಕೆಳಗೆ, ನಂಜುಂಡಣ್ಣ.

“ಇದು ಯಾವಾಗ ಬರೆದಿದ್ದು?” ಎಂದೆ.

“ನಿನ್ನೆ ಸಂಜೆ ಅಣ್ಣ” ಎಂದಳು ಪ್ರೀತಿ, ಮೆಲ್ಲಗೆ. “ಹೋದ ವರ್ಷದ್ದು ನೋಡಿ ಬರೆದ್ವಿ.”

ನಿನ್ನೆ ಸಂಜೆ! ನಾನು ಟೈರಿನೊಳಗೆ ಪಟ್ಟಿ ಹಾಸುತ್ತಿದ್ದಾಗ ಇಲ್ಲಿ ನನ್ನ ಜಾಗ ಬರೆದಾಗಿತ್ತು. ಹನ್ನೊಂದು ಗಂಟೆಯಲ್ಲಿ ಮುಗಿಸಿದ್ದರೂ ಹೆಸರು ಅಲ್ಲೇ ಇರುತ್ತಿತ್ತು.

“ಅಣ್ಣ, ಇಟ್ಸ್ ಜಸ್ಟ್ ಎ ಬೋರ್ಡ್” ಎಂದರು ಕ್ಯಾಪ್ಟನ್. “ಮುಂದಿನ ವರ್ಷ ಮಾಡ್ತೀರ ಬಿಡಿ. ರೂಲ್ಸ್ ಆರ್ ರೂಲ್ಸ್.”

“ಆಯ್ತು ಸಾರ್, ರೂಲೇ ಮಾತಾಡೋಣ. ನಾಲ್ಕನೇದು ಓದಿ.”

“ಯಾಕಣ್ಣ?”

“ಎಲೆಕ್ಟ್ರಾನಿಕ್ ಸಿಟಿ ಮುದ್ರೆಗೆ ಎರಡು ಕಿಲೋಮೀಟರ್ ಮೊದ್ಲು, ನಡುದಾರೀಲಿ, ನಿಮ್ಮ ಗೇರ್ ಮುಟ್ಟಿದ್ದು ಯಾರು?”

“ನೀವೇ.”

“ನಾನು ಯಾರು ಸಾರ್? ಬಲಗಡೆಯೋನಾದ್ರೆ ನೀವು ಔಟ್. ಸರ್ಜಾಪುರದ ಹತ್ರ ಬ್ರೇಕ್ ಮಾಡಿಸ್ಕೊಂಡ ಹುಡುಗನೂ ಔಟ್, ಅಗೋ ಎಡಗಡೆ ಮೂರನೇ ಹೆಸರು. ಕಗ್ಗಲೀಪುರದ ಚೈನು, ಐದನೇದು, ಅದೂ ಔಟ್. ಎಡಗಡೆಯೋನಾದ್ರೆ ನೀವೆಲ್ಲ ಪಾಸು, ನಾನೊಬ್ಬ ಫೇಲು. ಯಾವ್ದು ಬೇಕೋ ಆರಿಸ್ಕೊಳ್ಳಿ. ಇದಕ್ಕಿಂತ ಕಮ್ಮಿಗೆ ಗಿಟ್ಟಲ್ಲ.”

ಕ್ಯಾಪ್ಟನ್ ಲೋಟ ಕೆಳಗಿಟ್ಟು, ಎದ್ದು, ಬಲಗಡೆಯಿಂದ ನನ್ನ ಹೆಸರನ್ನು ಕೈಯಲ್ಲೇ ಒರೆಸಿದರು. ಆಮೇಲೆ ಸೀಮೆಸುಣ್ಣ ಹಿಡಿದು ನಿಂತರು. “ಆದ್ರೆ ಲೇಟಾದವ್ರಿಗೆ ಇಲ್ಲಿ ಜಾಗ ಇಲ್ವಲ್ಲ ಅಣ್ಣ...” ಸೀಮೆಸುಣ್ಣವನ್ನು ಅವರ ಕೈಯಿಂದ ತೆಗೆದುಕೊಂಡು, ಆರು ಹೆಸರಿನ ಕೆಳಗೆ ಒಂದು ಗೆರೆ ಎಳೆದು, ಗೆರೆಯ ಕೆಳಗೆ ನಾನೇ ಬರೆದೆ. ಕನ್ನಡದಲ್ಲಿ. ನಂಜುಂಡ, ೧೨:೦೪. ಸೋತವನ ಹೆಸರು, ಆದರೆ ಸವಾರರ ಸಾಲಿನಲ್ಲಿ.

ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೇನೆ. ರೊಟ್ಟಿಯವಳಿಗೆ ಕೊಟ್ಟ ಹದಿನೆಂಟು ನಿಮಿಷ ನನ್ನನ್ನು ಒಮ್ಮೆಯೂ ಚುಚ್ಚಲಿಲ್ಲ. ಚುಚ್ಚುವುದು ಮೇಲ್ಸೇತುವೆಯ ಕೆಳಗಿನ ಆ ಒಂಬತ್ತು. ಯಾರೂ ಕೇಳದೆ ನನ್ನ ಬಾಯಿ ಕೊಟ್ಟ ಒಂಬತ್ತು.

ಹೊರಗೆ ಬಂದು ಸೈಕಲ್ ತಿರುಗಿಸುತ್ತಿದ್ದಾಗ ಕ್ಯಾಪ್ಟನ್ ಬಾಗಿಲವರೆಗೆ ಬಂದರು. “ಅಣ್ಣ, ಬೇಜಾರ್ ಮಾಡ್ಕೋಬೇಡಿ. ಅಂದ್ಹಾಗೆ, ಹೆಬ್ಬಾಳದಿಂದ ಗೇರ್ ಮತ್ತೆ ಹಾರ್ತಿದೆ. ಏನಿರಬಹುದು?”

ಏನೆಂದು ನನಗೆ ಗೊತ್ತಿತ್ತು. ಒಮ್ಮೆ ಬಾಗಿದ ಕೊಂಡಿಯನ್ನು ನೆಟ್ಟಗೆ ಮಾಡಿದರೂ ಬಾಳುವುದಿಲ್ಲ, ಹೊಸದೇ ಹಾಕಬೇಕು. ಇನ್ನೆರಡು ದಿನ ತುಳಿದರೆ ಮುರಿದು ಚಕ್ರದ ಕಡ್ಡಿಯೊಳಗೆ ಹೋಗುತ್ತದೆ. ಅಷ್ಟೂ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಗಾಜಿನಾಚೆ ಹಲಗೆಯನ್ನು ಇನ್ನೊಮ್ಮೆ ನೋಡಿದೆ. ಗೆರೆಯ ಕೆಳಗಿನ ಸಾಲು ಹಾಗೇ ಇತ್ತು.

“ಗೊತ್ತಿಲ್ಲ ಸಾರ್” ಎಂದೆ. “ಸೋಮವಾರ ಅಂಗಡಿಗೆ ತನ್ನಿ. ರೇಟ್ ಹೇಳ್ತೀನಿ.”

ದೊಡ್ಡನೆಕ್ಕುಂದಿಗೆ ಇನ್ನು ಆರು ಕಿಲೋಮೀಟರ್. ಅಂಗಿಯೊಳಗೆ ರೊಟ್ಟಿ ಇನ್ನೂ ಗರಿಗರಿಯಾಗಿಯೇ ಇತ್ತು.